ನಾನು ಸುಟ್ಟು ಶುದ್ಧ ಮಾಡಿದ ಬಾಣಲೆ

ಮೀನಿನ ವಾಸನೆ ಎಂದರೆ ನನಗೆ ಅಸಹ್ಯ. ಇದನ್ನು ನಯವಾಗಿ ಹೇಳುವುದು ನನಗೆ ಬರುವುದಿಲ್ಲ. ಮೈಸೂರಿನ ನಮ್ಮ ಮನೆಯ ಅಡುಗೆಮನೆಗೆ ಈರುಳ್ಳಿಗೇ ವಾರದಲ್ಲಿ ಮೂರು ದಿನ ಪ್ರವೇಶವಿರಲಿಲ್ಲ, ಇನ್ನು ಮೀನಿನ ಮಾತೆಲ್ಲಿ ಬಂತು. ಅಂಥವಳು ದೋಹಾಕ್ಕೆ ಬಂದು, ಮದೀನತ್ ಖಲೀಫಾದ ಒಂದು ವಿಲ್ಲಾದ ಅರ್ಧ ಭಾಗ ಬಾಡಿಗೆಗೆ ಹಿಡಿದು, ಕರಾವಳಿಯ ಒಂದು ಬ್ಯಾರಿ ಮುಸ್ಲಿಂ ದಂಪತಿಯ ಜೊತೆ ಒಂದೇ ಅಡುಗೆಮನೆಯಲ್ಲಿ ಏಳು ವರ್ಷ ಬೇಯಿಸಿ ತಿಂದೆ. ವಿಲ್ಲಾವನ್ನು ಇಬ್ಭಾಗ ಮಾಡಿದ ಪುಣ್ಯಾತ್ಮರು ಮಲಗುವ ಕೋಣೆಗಳ ನಡುವೆ ಗೋಡೆ ಎಬ್ಬಿಸಿದ್ದರು. ಅಡುಗೆಮನೆಯ ಹೊತ್ತಿಗೆ ಅವರಿಗೂ ಸಾಕಾಗಿರಬೇಕು, ಹಾಗೇ ಬಿಟ್ಟಿದ್ದರು. ಎರಡು ಬಾಗಿಲು, ಎರಡು ಒಲೆ, ಆದರೆ ಸಿಂಕು ಒಂದೇ, ಕಿಟಕಿಯೂ ಒಂದೇ.

ಆ ಕಡೆಯ ಭಾಗದಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಆಕೆಗೆ ಐವತ್ತೈದು ದಾಟಿತ್ತು, ನಾನು ಅಕ್ಕ ಎನ್ನುತ್ತಿದ್ದೆ. ಅವರ ಯಜಮಾನರಿಗೆ ಎರಡು ಬೀದಿ ಆಚೆ ಟೈಲರ್ ಅಂಗಡಿ. ಎದೆಯ ಆಪರೇಷನ್ ಆದಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದರು, ಅಂಗಡಿಗೆ ನಿಧಾನಕ್ಕೆ ನಡೆದೇ ಹೋಗಿ ಬರುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಬಂದು ಒಂದು ನಿದ್ದೆ ತೆಗೆದು ಮತ್ತೆ ಹೋಗುತ್ತಿದ್ದರು. ಹದಿನಾರು ವರ್ಷದಿಂದ ಅದೇ ಮನೆ. ಆ ಮನುಷ್ಯನ ಪ್ರಾಣ ಆ ಎರಡು ಬೀದಿಯ ಮೇಲೆ ನಿಂತಿದೆ ಎಂದು ಅಕ್ಕ ಯಾವಾಗಲೂ ಹೇಳುತ್ತಿದ್ದರು.

ಹೋದ ಮೊದಲ ದಿನವೇ ನಾನು ಕಾನೂನು ಹೇಳಿದೆ. ನನ್ನ ಒಲೆ, ನನ್ನ ಕಪಾಟು, ನನ್ನ ಪಾತ್ರೆ ಯಾರೂ ಮುಟ್ಟಕೂಡದು. ಆಕೆ ಮರುಮಾತಿಲ್ಲದೆ ಒಪ್ಪಿದರು. ಏಳು ವರ್ಷ ಅದನ್ನು ಮುರಿಯಲಿಲ್ಲ. ಮೀನು ತಂದ ದಿನ ಮೊದಲೇ ಬಂದು, ಇವತ್ತು ನಮ್ಮಲ್ಲಿ ಮೀನು ಉಂಟು, ನಿಮ್ಮ ಅಡಿಗೆ ಬೇಗ ಮುಗಿಸ್ತೀರಾ ಎಂದು ಕೇಳುತ್ತಿದ್ದರು. ಹುರಿದಾದ ಮೇಲೆ ಕಟ್ಟೆಯನ್ನು ವಿನೆಗರ್ ಹಾಕಿ ಒರೆಸುತ್ತಿದ್ದರು. ಮುಳ್ಳು ಗಿಳ್ಳನ್ನು ಮೂರು ಕವರಿನಲ್ಲಿ ಕಟ್ಟಿ, ಆ ಬಿಸಿಲಿನಲ್ಲಿ ಬೀದಿಯ ತೊಟ್ಟಿಯವರೆಗೆ ಹೋಗಿ ಹಾಕಿ ಬರುತ್ತಿದ್ದರು. ಇಷ್ಟಾದರೂ ನಾನು ನನ್ನ ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿ ಒಳಗೆ ಕೂತು ಥೂ ಥೂ ಎನ್ನುತ್ತಿದ್ದೆ. ಅವರ ಮನೆಯ ಚಹಾವನ್ನೂ ಏನಾದರೊಂದು ನೆಪ ಹೇಳಿ ತಪ್ಪಿಸುತ್ತಿದ್ದೆ. ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದೆ, ಸಿಪ್ಪೆ ಇರುತ್ತದಲ್ಲ.

ಇನ್ನು ಬಾಣಲೆಯ ವಿಷಯ. ಅದು ನಮ್ಮ ಆಫೀಸಿನ ಫ್ರೆಂಚ್ ಮೇಡಂ ಕೆಲಸ ಬಿಟ್ಟು ದೇಶಕ್ಕೆ ಹೋಗುವಾಗ ನನಗೆ ಕೊಟ್ಟು ಹೋದದ್ದು. ಎರಕದ ಕಬ್ಬಿಣ, ಮೇಲೆ ಎನಾಮಲ್; ಹೊರಗೆ ಕುಂಕುಮದ ಕೆಂಪು, ಒಳಗೆ ಕೆನೆಯ ಬಣ್ಣ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ಉಳುಕಬೇಕು, ಅಷ್ಟು ಭಾರ. ಆ ಮೇಡಂ ಅದರಲ್ಲಿ ಏನೇನು ಹುರಿದಿದ್ದಳೋ ನಾನು ಕೇಳಲಿಲ್ಲ. ಕೇಳಿದ್ದರೆ ತರಲಾಗುತ್ತಿರಲಿಲ್ಲ. ಹುಣಸೆಹಣ್ಣು, ಅರಿಶಿನದ ನೀರು, ಮೂರು ಸಲ ಬಿಸಿನೀರು, ಅಲ್ಲಿಗೆ ಅದು ಪವಿತ್ರವಾಯಿತು. ಅಷ್ಟು ಚೆಂದದ ಪಾತ್ರೆಗೆ ಅಷ್ಟು ಶಾಸ್ತ್ರ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಅದರ ಮೇಲೆ ಅಕ್ಕಿರೊಟ್ಟಿ ಏಳುತ್ತಿದ್ದ ರೀತಿ ನೋಡಬೇಕಿತ್ತು. ತಣ್ಣಗಿನ ಬಾಣಲೆಗೆ ಎಣ್ಣೆ ಸವರಿ, ಹಿಟ್ಟು ತಟ್ಟಿ, ಆಮೇಲೆ ಸಣ್ಣ ಉರಿಗೆ ಇಡಬೇಕು. ಒಂದಾದ ಮೇಲೆ ಇನ್ನೊಂದು ತಟ್ಟಲು ಬಾಣಲೆ ಆರುವವರೆಗೆ ಕಾಯಬೇಕು. ಕಬ್ಬಿಣದ್ದಾದರೆ ನಲ್ಲಿಯ ಕೆಳಗೆ ಹಿಡಿದು ಚುಂಯ್ ಎನ್ನಿಸಿಬಿಡಬಹುದು. ಇದಕ್ಕೆ ಆ ಆಟ ನಡೆಯುವುದಿಲ್ಲ. ಬಿಸಿಯಿದ್ದಾಗ ನೀರು ಸೋಕಿದರೆ ಎನಾಮಲ್ ಸೀಳುತ್ತದೆ. ಖಾಲಿ ಇಟ್ಟು ಕಾಯಿಸಬಾರದು, ಸ್ಟೀಲಿನ ನಾರು ತಾಗಿಸಬಾರದು, ಮರದ ಸೌಟು ಬಿಟ್ಟು ಬೇರೆ ಹಾಕಬಾರದು. ಹಿಡಿ ಕೂಡ ಎರಕದ್ದೇ, ಬಾಣಲೆಯಷ್ಟೇ ಸುಡುತ್ತದೆ, ಬಟ್ಟೆಯಿಲ್ಲದೆ ಮುಟ್ಟುವ ಹಾಗಿಲ್ಲ. ಮಗು ಸಾಕಿದ ಹಾಗೆ ಸಾಕಿದೆ. ಹತ್ತಿ ಬಟ್ಟೆಯಲ್ಲಿ ಒರೆಸಿ, ನಡುವೆ ಪೇಪರ್ ಇಟ್ಟು, ಅದರ ಮೇಲೆ ಇನ್ನೊಂದು ಪಾತ್ರೆ ಕೂರಿಸದೆ.

ಅದು ಜುಲೈ ತಿಂಗಳ ಒಂದು ಶನಿವಾರ. ನನಗೆ ಅರ್ಧ ದಿನ ಆಫೀಸು, ನನ್ನ ಗಂಡನಿಗೆ ರಜೆ. ಮಧ್ಯಾಹ್ನ ಎರಡಕ್ಕೆ ಬೆವರು ಸುರಿಸಿಕೊಂಡು ಬಂದು ಅಡುಗೆಮನೆಗೆ ಕಾಲಿಟ್ಟವಳು ಅಲ್ಲೇ ನಿಂತೆ. ಫ್ಯಾನ್ ತಿರುಗುತ್ತಿತ್ತು, ಕಿಟಕಿ ತೆರೆದಿತ್ತು, ಆದರೂ ಆ ವಾಸನೆ. ಅವರ ಒಲೆ ಒರೆಸಿದ ಗುರುತಿಲ್ಲದೆ ಒಣಗಿತ್ತು. ನನ್ನ ಬಾಣಲೆ ಕಪಾಟಿನಲ್ಲಿ ಒದ್ದೆಯಾಗಿ, ಬೋರಲಾಗಿ ಕೂತಿತ್ತು. ಎತ್ತಿ ನೋಡಿದೆ. ಕೆನೆ ಬಣ್ಣದ ಮೇಲೆ ಸ್ಟೀಲಿನ ನಾರಿನ ಗೀರುಗಳು. ಅಂಚಿನ ಕೆಳಗೆ ಖಾರದ ಪುಡಿ ಕರಕಾಗಿ ಅಂಟಿತ್ತು. ಅದರ ಜೊತೆಗೆ ಉಗುರಿನಷ್ಟು ನೀಲಿ ಹೊಳಪಿನ ಚರ್ಮ. ಸಿಂಕಿಗೆ ಬಗ್ಗಿ ವಾಕರಿಸಿದೆ.

ಬಾಯಿ ಒರೆಸಿಕೊಂಡು, ಬಾಣಲೆ ಹಿಡಿದುಕೊಂಡೇ ನೇರ ಅವರ ಬಾಗಿಲಿಗೆ ಹೋಗಿ ಬಡಿದೆ. ಅಕ್ಕ ತೆರೆದರು, ಅಂಟಿದ ಚರ್ಮವನ್ನು ಅವರ ಮುಖದ ಮುಂದೆ ಹಿಡಿದೆ. ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲು ನನಗೇ ಹೇಸಿಗೆ. ಏಳು ವರ್ಷ ಮೂಗು ಮುಚ್ಚಿಕೊಂಡು ಬದುಕಿದ್ದೇನೆ ಎಂದೆ. ನಿಮ್ಮ ಕೈ ತಾಗಿದ ಪಾತ್ರೆಯನ್ನು ಇನ್ನು ನಾಯಿಗೂ ಇಡಲಾಗುವುದಿಲ್ಲ ಎಂದೆ. ಆಕೆ ನನ್ನ ಹೆಗಲಾಚೆ ಒಂದು ಸಲ ನೋಡಿದರು. ಅಲ್ಲಿ ನನ್ನ ಗಂಡ ಬಂದು ನಿಂತಿದ್ದ.

"ನಾನು ಮುಟ್ಟಲಿಲ್ಲ," ಎಂದರು ಅಕ್ಕ. ಅಷ್ಟೇ.

ನನ್ನ ಗಂಡ, ಹೋಗಲಿ ಬಿಡು, ಒಂದು ಬಾಣಲೆಗೋಸ್ಕರ ಯಾಕೆ ರಂಪ ಎಂದು ನನ್ನ ತೋಳು ಹಿಡಿದ. ಅವನ ಅಂಗೈಗೆ ಒದ್ದೆ ಬಟ್ಟೆ ಸುತ್ತಿತ್ತು. ಕಾರಿನ ಸೀಟ್ ಬೆಲ್ಟಿನ ಕೊಂಡಿ ತಾಗಿ ಸುಟ್ಟಿತು ಎಂದ. ಜುಲೈ ಬಿಸಿಲಿನಲ್ಲಿ ನಿಂತ ಕಾರಿಗೆ ಅದೇನು ದೊಡ್ಡ ವಿಷಯವಲ್ಲ, ನನಗೂ ಎರಡು ಸಲ ಸುಟ್ಟಿತ್ತು. ಅಷ್ಟು ಸಿಟ್ಟಿನಲ್ಲೂ ಕೂರಿಸಿ ಮುಲಾಮು ಹಚ್ಚಿದೆ.

ನಮ್ಮಜ್ಜಿಯದೊಂದು ಕಟ್ಟಳೆಯಿತ್ತು. ಮೈಲಿಗೆಯಾದದ್ದು ಮಣ್ಣಿನ ಪಾತ್ರೆಯಾದರೆ ತಿಪ್ಪೆಗೆ, ಲೋಹವಾದರೆ ಬೆಂಕಿಗೆ. ಬೆಂಕಿ ಕಂಡ ಲೋಹಕ್ಕೆ ದೋಷವಿಲ್ಲ. ಈ ಬಾಣಲೆ ಒಳಗೆ ಕಬ್ಬಿಣ, ಮೇಲೆ ಗಾಜು. ಅಜ್ಜಿಗೆ ಇಂಥದ್ದು ಗೊತ್ತಿರಲಿಲ್ಲ, ಆದರೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದು ಸಂಜೆ ಅದನ್ನು ಖಾಲಿಯಾಗಿಯೇ ಒಲೆಯ ಮೇಲಿಟ್ಟು ಉರಿಯನ್ನು ಪೂರ್ತಿ ಹೆಚ್ಚಿಸಿದೆ. ಅರ್ಧ ಗಂಟೆ ಕಾಯಿಸಿದೆ. ಅಂಟಿದ್ದೆಲ್ಲ ಸುಟ್ಟು ಹೊಗೆಯಾಯಿತು, ಕೆನೆ ಬಣ್ಣ ಕಂದಿತು. ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಮೇಲೆ ದೇವರ ಮುಂದಿನ ಚೊಂಬಿನ ನೀರು ತಂದೆ. ಬೇಸಿಗೆಯಲ್ಲಿ ಇಲ್ಲಿಯ ನಲ್ಲಿಯಲ್ಲಿ ತಣ್ಣೀರು ಎಂಬುದೇ ಬರುವುದಿಲ್ಲ, ಚೊಂಬಿನದು ಎ.ಸಿ. ಕೋಣೆಯಲ್ಲಿದ್ದು ಕೊರೆಯುತ್ತಿತ್ತು. ಸುರಿದೆ. ಪಟಪಟ ಸಿಡಿದು ಎನಾಮಲ್ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಒಂದು ಚೂರು ನನ್ನ ಕುಪ್ಪಸದ ತೋಳಿಗೆ ಬಂದು ಬಿತ್ತು. ನಡುವೆ ಅಂಗೈಯಗಲ ಕಪ್ಪು ಕಬ್ಬಿಣ ಕಂಡಿತು, ಸುತ್ತ ಬಿರುಕು. ಗಾಜಿನ ಚೂರು ಅನ್ನಕ್ಕೆ ಬೀಳುವ ಪಾತ್ರೆಯಲ್ಲಿ ಇನ್ನು ಯಾರು ಬೇಯಿಸುತ್ತಾರೆ?

ಅದರ ಪಾಪವನ್ನೂ ಅಕ್ಕನ ತಲೆಗೇ ಕಟ್ಟಿದೆ. ಮರುದಿನ ಮನೆ ಬಾಡಿಗೆಯ ಏಜೆಂಟನಿಗೆ ಫೋನ್ ಮಾಡಿ, ಅವರಿರಬೇಕು ಇಲ್ಲಾ ನಾವಿರಬೇಕು ಎಂದೆ. ಅವನಿಗೆ ಅಷ್ಟೇ ಬೇಕಿತ್ತು, ಆ ಭಾಗಕ್ಕೆ ಬೇರೆ ಪಾರ್ಟಿ ಕಾಯುತ್ತಿತ್ತು. ಖಲಾಸ್ ಸಿಸ್ಟರ್, ತಿಂಗಳ ಕೊನೆಗೆ ಖಾಲಿ ಮಾಡಿಸ್ತೀನಿ ಎಂದ. ಅಕ್ಕನ ಯಜಮಾನರು ಒಂದು ಸಂಜೆ ಬಂದು ನಮ್ಮ ಬಾಗಿಲಲ್ಲಿ ನಿಂತು, ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ, ಅಂಗಡಿಗೆ ಈ ಮನೆಯೇ ಹತ್ತಿರ ಎಂದರು. ಮಾತಾಡುವಾಗ ಏದುಸಿರು ಬಿಡುತ್ತಿದ್ದರು. ನನ್ನ ಗಂಡ ಟೀವಿಯ ಶಬ್ದ ಕಮ್ಮಿ ಮಾಡಿದ, ಎದ್ದು ಬರಲಿಲ್ಲ. ಏಜೆಂಟನ ಜೊತೆ ಮಾತಾಡಿ ಎಂದು ನಾನು ಬಾಗಿಲು ಹಾಕಿದೆ.

ಒಡೆದ ಬಾಣಲೆಯನ್ನು ಎಸೆಯಲು ಮನಸ್ಸು ಬಾರದೆ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದೆ. ಅಕ್ಕ ನೋಡಲಿ, ಉರಿಯಲಿ ಎಂಬ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ. ತಿಂಗಳ ಕೊನೆಗೆ ಇನ್ನು ನಾಲ್ಕೈದು ದಿನವಿರುವಾಗ ಒಂದು ಬೆಳಿಗ್ಗೆ ನಾನು ಕಾಫಿಗೆ ಹಾಲಿಟ್ಟಿದ್ದೆ, ಅಕ್ಕ ತಮ್ಮ ಕಪಾಟು ಖಾಲಿ ಮಾಡಲು ಬಂದರು. ಬಾಣಲೆಯ ಮುಂದೆ ನಿಂತು ಬಗ್ಗಿ ನೋಡಿದರು. ಜಗಳವಾದ ಮೇಲೆ ಅದೇ ಮೊದಲ ಮಾತು.

"ನಾನು ಹುರಿದ್ರೆ ಬಂಗುಡೆಯ ಚರ್ಮ ಅವತ್ತಿನ ಹಾಗೆ ಹಿಡಿತಿತ್ತಾ?" ಎಂದರು. "ನಾನು ಸಣ್ಣಂದಿನಿಂದ ಮೀನು ಹುರಿದವಳು. ಅದು ಮೀನು ಹುರಿದು ಗೊತ್ತಿಲ್ಲದವರ ಕೆಲಸ."

ಅಷ್ಟು ಹೇಳಿ ತಮ್ಮ ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಸಿಟ್ಟೂ ಇರಲಿಲ್ಲ ಆ ಮಾತಿನಲ್ಲಿ. ತನ್ನ ಕೈಗುಣಕ್ಕೆ ಕೆಟ್ಟ ಹೆಸರು ಬಂತಲ್ಲ ಎಂಬ ಬೇಜಾರು ಮಾತ್ರ ಇದ್ದ ಹಾಗಿತ್ತು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಮೀನು ಹುರಿದು ಗೊತ್ತಿಲ್ಲದವರು ಆ ಮನೆಯಲ್ಲಿ ಇಬ್ಬರೇ. ಒಬ್ಬಳು ನಾನು, ಅಂದು ಆಫೀಸಿನಲ್ಲಿದ್ದೆ. ಇನ್ನೊಬ್ಬನ ಅಂಗೈಯಲ್ಲಿ ಬಾಣಲೆಯ ಹಿಡಿಯ ಅಗಲಕ್ಕೆ ಸರಿಯಾಗಿ ಒಂದು ಸುಟ್ಟ ಗಾಯ, ನಾನೇ ದಿನಾ ಮುಲಾಮು ಹಚ್ಚಿ ವಾಸಿ ಮಾಡಿದ್ದು.

ಒಳಗೆ ಹೋಗಿ ಅವನ ಕೈ ಹಿಡಿದು ತಿರುಗಿಸಿದೆ. ಏನೂ ಕೇಳಬೇಕಾಗಲಿಲ್ಲ. ಐದು ವರ್ಷದಿಂದ ಆಫೀಸಿನ ಮೆಸ್ಸಿನಲ್ಲಿ ಮೀನು ತಿನ್ನುತ್ತಿದ್ದಾನಂತೆ. ಒಂದು ಸಲ ಬಿಸಿಬಿಸಿ ತಾನೇ ಹುರಿದು ತಿನ್ನಬೇಕು ಅನ್ನಿಸಿತಂತೆ. ಎರಡು ಬಂಗುಡೆ ತಂದು, ಮಸಾಲೆಗೆ ಅಕ್ಕನನ್ನೇ ಕೇಳಿದನಂತೆ. ಆಕೆ ಮಸಾಲೆ ಅರೆದು ಕೊಟ್ಟು, ನಿಮ್ಮ ಹೆಂಡತಿಯ ಬಾಣಲೆ ಮಾತ್ರ ಮುಟ್ಟಬೇಡಿ ಎಂದು ತಮ್ಮ ಕಾವಲಿಯನ್ನೂ ಕೊಟ್ಟರಂತೆ. ನಾನು ರಂಪ ಮಾಡಿದ ಮೇಲೆ ಇವನು ಕದ್ದು ಹೋಗಿ ಕೈ ಮುಗಿದು, ದಯವಿಟ್ಟು ಹೇಳಬೇಡಿ ಎಂದು ಬೇಡಿದನಂತೆ. ಹೇಳಬೇಕಾದವರು ನೀವು, ನಾನಲ್ಲ ಎಂದು ಆಕೆ ಸುಮ್ಮನಾದರಂತೆ. ಮೂರು ವಾರ ಕಾದರು. ಮನೆ ಬಿಡಿ ಎಂದಾಗಲೂ ಕಾದರು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎಂದು ಗಾದೆ ಕೇಳಿದ್ದೆ. ಆ ಕೋತಿಯ ಜೊತೆ ಹದಿನೇಳು ವರ್ಷ ಸಂಸಾರ ಮಾಡಿದ್ದೆ.

ಥೂ ಎಂದೆ. ಮುಖಕ್ಕೇ ಎಂದೆ. ಮೀನು ತಿಂದದ್ದಕ್ಕಲ್ಲ, ಆ ಹೊತ್ತಿಗೆ ಮೀನು ನನಗೆ ಯಾವ ಲೆಕ್ಕಕ್ಕೂ ಇರಲಿಲ್ಲ. ಆ ಹೆಂಗಸು ಎದುರಿಗೆ ನಿಂತು ಬೈಸಿಕೊಂಡಾಗ ಇವನು ನನ್ನ ತೋಳು ಹಿಡಿದು ಸಮಾಧಾನ ಮಾಡಿದನಲ್ಲ, ಅದಕ್ಕೆ. ಅವರು ಕಾವಲಿ ಕೊಟ್ಟಿದ್ದರಲ್ಲ, ಅದನ್ನು ಬಿಟ್ಟು ನನ್ನದಕ್ಕೆ ಯಾಕೆ ಕೈ ಹಾಕಿದೆ ಎಂದು ಕೇಳಿದೆ.

"ಮೀನು ತಿಂತೀನಿ, ನಿಜ," ಎಂದ. "ಆದ್ರೂ ಅವರ ಪಾತ್ರೇಲಿ ಹೇಗೆ ತಿನ್ನೋದು ಕಣೇ?"

ಇದಾದರೂ ನಿನಗೆ ಅರ್ಥವಾಗುತ್ತದೆ ಎಂಬ ಧೈರ್ಯದಿಂದ ಹೇಳಿದ. ನನಗೆ ಅರ್ಥವಾಯಿತು, ಅದೇ ಹೇಸಿಗೆ. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ ಎಂದು ಅವನಿಗೆ ಹೇಳಲು ಬಾಯಿ ತೆರೆದೆ, ಹೇಳಲಾಗಲಿಲ್ಲ. ಆ ಬೃಂದಾವನಕ್ಕೆ ಏಳು ವರ್ಷ ನೀರೆರೆದವಳು ನಾನೇ.

ಏಜೆಂಟನಿಗೆ ಫೋನ್ ಮಾಡಿ, ತಪ್ಪಾಯಿತು, ಅವರು ಇಲ್ಲೇ ಇರಲಿ ಎಂದೆ. ಹೊಸ ಪಾರ್ಟಿ ಬಂದು ನೋಡಿ ಮಾತು ಮುಗಿಸಿ ಹೋಗಿದೆ, ಇನ್ನು ಸಾಧ್ಯವಿಲ್ಲ ಎಂದ. ನಾವೇ ಬಿಡುತ್ತೇವೆ, ಅವರನ್ನು ಇರಿಸಿ ಎಂದೆ. ಫೋನಿನಲ್ಲೇ ನಕ್ಕ.

ಅಕ್ಕನ ಬಾಗಿಲು ತೆರೆದೇ ಇತ್ತು. ನೆಲದ ತುಂಬ ಪೆಟ್ಟಿಗೆಗಳು. ನಾನು ಅಲ್ಲೇ ಕೂತು ಅವರ ಕೈ ಹಿಡಿದು ಕ್ಷಮೆ ಕೇಳಿದೆ. ಎಲ್ಲ ಗೊತ್ತಾಯಿತು, ನನ್ನ ಬಾಯಿಗೆ ಹುಳ ಬೀಳಲಿ ಎಂದೆ. ಆಕೆ, ಆಯ್ತು ಬಿಡಿ, ನಿಮಗೆ ಗೊತ್ತಿರಲಿಲ್ಲವಲ್ಲ ಎಂದರು. ಅಲ್ ಥುಮಾಮಾದಲ್ಲಿ ಮನೆ ಸಿಕ್ಕಿದೆಯಂತೆ. ಊರಿನ ಆ ತುದಿ. ಬೆಳಿಗ್ಗೆ ಅಲ್ಲೇ ಹತ್ತಿರ ಇರುವ ಅಳಿಯ ಯಜಮಾನರನ್ನು ಅಂಗಡಿಗೆ ಬಿಟ್ಟು ಹೋಗುತ್ತಾನೆ, ರಾತ್ರಿ ಕರೆತರುತ್ತಾನೆ, ಮಧ್ಯಾಹ್ನ ಮಾತ್ರ ಅಂಗಡಿಯ ಬೆಂಚಿನ ಮೇಲೆಯೇ ಮಲಗಬೇಕು ಎಂದರು. ಹೇಳುತ್ತಾ ಪಕ್ಕದಲ್ಲಿದ್ದ ತಮ್ಮ ಕಬ್ಬಿಣದ ಕಾವಲಿಯನ್ನು ಕೈಗೆತ್ತಿಕೊಂಡರು, ಕಪ್ಪಗೆ, ನುಣ್ಣಗೆ, ಕನ್ನಡಿಯಂತೆ ಪಳಗಿದ ಕಾವಲಿ.

"ಒಂದು ಗೊತ್ತಾಗ್ಲಿಲ್ಲ ನನಗೆ," ಎಂದರು. "ಇದನ್ನ ಅವರ ಕೈಗೇ ಕೊಟ್ಟಿದ್ದೆ. ಇದನ್ನ ಬಿಟ್ಟು ನಿಮ್ಮದು ಯಾಕೆ ತಗೊಂಡ್ರು?"

ಹೇಳಬೇಕಾದವಳು ಈಗ ನಾನು.

"ಗೊತ್ತಿಲ್ಲ ಅಕ್ಕ," ಎಂದೆ. "ಕೈಗೆ ಸಿಕ್ಕಿದ್ದು ತಗೊಂಡಿರಬೇಕು."

ಆಕೆ ನನ್ನ ಮುಖವನ್ನೇ ನೋಡಿದರು. ಕಾವಲಿಯನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿದರು.

"ಎರಡು ಸಲ ಸೋಪು ಹಾಕಿ ತೊಳೆದು ಕೊಟ್ಟಿದ್ದೆ ಮಾರಾಯ್ರೆ," ಎಂದರು.

ಆಮೇಲೆ ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಟೇಪು ನನ್ನ ಕಾಲ ಬಳಿ ಬಿದ್ದಿತ್ತು. ಕೊಡಿ ಎಂದು ನನ್ನನ್ನು ಕೇಳದೆ ತಾವೇ ಬಗ್ಗಿ ತೆಗೆದುಕೊಂಡರು.