ಲೇಬಲ್ಲಿನ ಮಲ್ಲಿಗೆ

ಅಂಗಡಿ ಅಂಕಲ್ ಮೂಗಿನ ಮೇಲೆ ಒಂದು ಕೆಂಪು ಗೆರೆ ಸಂಜೆಯವರೆಗೂ ಇರುತ್ತಿತ್ತು. ವೈನ್ ಗ್ಲಾಸಿನೊಳಗೆ ಮೂಗು ತೂರಿಸಿ, ಕಣ್ಣು ಮುಚ್ಚಿ, ಅಂಚು ಒತ್ತಿಕೊಂಡು ನಿಲ್ಲುತ್ತಿದ್ದರಲ್ಲ, ಅದರ ಗುರುತು. ಅಮೆರಿಕದ ಎಡಿಸನ್ನಿನಲ್ಲಿ ಲಿಕ್ಕರ್ ಅಂಗಡಿ ಇಟ್ಟು ವರ್ಷಗಳಾಗಿದ್ದರೂ ಒಂದು ತೊಟ್ಟು ಬಾಯಿಗೆ ಹಾಕಿದವರಲ್ಲ.

"ಮೈಸೂರಲ್ಲಿ ನಮ್ಮಪ್ಪಂದು ಕಾಫಿಪುಡಿ ಅಂಗಡಿ ಕಣಯ್ಯಾ. ಮೂಸಿ ನೋಡೇ ಚಿಕೋರಿ ಎಷ್ಟು ಅಂತ ಹೇಳ್ತಿದ್ದೆ. ಇದೇನು ಮಹಾ?" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆಯಲ್ಲಿ ನನ್ನಂಥ ಪ್ರೋಗ್ರಾಮರುಗಳು ದಂಡುದಂಡಾಗಿ ಬಂದಿಳಿದ ಕಾಲ. ಶನಿವಾರ ಲಾಂಡ್ರಿಯಲ್ಲಿ ಬಟ್ಟೆ ಹಾಕಿ ಪಕ್ಕದ ಅವರ ಅಂಗಡಿಗೆ ಹೋಗುತ್ತಿದ್ದೆ. ಹೊಸ ವೈನ್ ಬಂದರೆ ಅವರು ಮೂಸುವುದು, ನಾನು ಒಂದು ಗುಟುಕು ಕುಡಿದು ರುಚಿ ಹೇಳುವುದು. ನನಗೇನು ಗೊತ್ತಿತ್ತು? ಎಲ್ಲ ಕಲಿಸಿದವರು ಅವರೇ. "ಒದ್ದೆ ರಟ್ಟಿನ ವಾಸನೆ ಬಂತೋ, ಬಿರಡೆ ಕೆಟ್ಟಿದೆ ಅಂತ ಅರ್ಥ. ಮುಲಾಜಿಲ್ದೆ ಹೇಳ್ಬಿಡು." ಆಫೀಸಿನಲ್ಲಿ ಯಾರೂ ಕೇಳದ ನನ್ನ ಅಭಿಪ್ರಾಯಕ್ಕೆ ಅಲ್ಲಿ ಬೆಲೆ ಇತ್ತು.

ಒಂದು ಶನಿವಾರ ಟರ್ಕಿಯ ಹೊಸ ವೈನರಿಯೊಂದರ ಸೇಲ್ಸ್‌ಮನ್ ಬಂದಿದ್ದ. ಎರಡು ಮೂರು ಬಗೆಯ ದ್ರಾಕ್ಷಿ ಬೆರೆಸಿದ ಬಿಳಿ ವೈನು. ಬೆಲೆ ಕೇಳಿದರೆ ಫ್ರಾನ್ಸಿನದೇ ಅಗ್ಗ ಅನ್ನಿಸಬೇಕು. ಅಂಗಡಿಯಲ್ಲಿ ಏಳೆಂಟು ಗಿರಾಕಿಗಳು ಗ್ಲಾಸು ಹಿಡಿದು ಕಾಯುತ್ತಿದ್ದರು. ಅಂಕಲ್ ಬಾಟಲಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು, ಬಹಳ ಹೊತ್ತು ಮೂಸಿದರು. ಮಲ್ಲಿಗೆ ಇದೆ, ನಿಂಬೆ ಸಿಪ್ಪೆ ಇದೆ ಎಂದು ಇಂಗ್ಲಿಷಿನಲ್ಲಿ ಘೋಷಿಸಿದರು. ಹತ್ತು ಕೇಸ್ ಕೊಡು ಎಂದೂ ಹೇಳಿಬಿಟ್ಟರು.

ನಾನು ಗುಟುಕರಿಸಿದೆ. ಸಪ್ಪೆ. ಮೂಗಿಗೆ ಬಡಿದದ್ದು ಮಳೆಯಲ್ಲಿ ನೆನೆದ ರಟ್ಟಿನ ಡಬ್ಬಿಯ ವಾಸನೆ. ಬಾಟಲಿಯ ಹಿಂದೆ ನೋಡಿದರೆ ಲೇಬಲ್ಲಿನಲ್ಲಿ ಅದೇ ಮಲ್ಲಿಗೆ, ಅದೇ ನಿಂಬೆ ಸಿಪ್ಪೆ.

"ಲೇಬಲ್ ಓದಿ ಹೇಳ್ತಿದ್ದೀರಲ್ಲ ಅಂಕಲ್. ಬಿರಡೆ ಕೆಟ್ಟಿದೆ" ಎಂದೆ. ಕಲಿತದ್ದನ್ನು ಪ್ರದರ್ಶಿಸುವ ಹುಮ್ಮಸ್ಸು. ಎಲ್ಲರಿಗೂ ಅರ್ಥವಾಗಲಿ ಎಂದು ಇಂಗ್ಲಿಷಿನಲ್ಲೂ ಹೇಳಿದೆ. ಗಿರಾಕಿಗಳು ನಕ್ಕರು. ಅಂಕಲ್ "ಹೌದಾ, ಸರಿ" ಎಂದಷ್ಟೇ ಹೇಳಿ ಒರೆಸಿದ್ದ ಗ್ಲಾಸನ್ನೇ ಮತ್ತೆ ಒರೆಸತೊಡಗಿದರು.

ಆಮೇಲೆ ನಾನು ಬಟ್ಟೆ ಮಡಿಸುತ್ತಿದ್ದಾಗ ಅಂಕಲ್ ಹೆಂಡತಿ, ಆಂಟಿ, ಲಾಂಡ್ರಿಗೇ ಬಂದರು. "ನಾಲ್ಕು ತಿಂಗಳಿಂದ ಅವ್ರಿಗೆ ವಾಸನೇನೇ ಗೊತ್ತಾಗ್ತಿಲ್ಲಪ್ಪಾ. ಮೊನ್ನೆ ಹಾಲು ಸೀದು ತಳ ಹತ್ತಿದ್ರೂ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು. ಗಿರಾಕಿಗಳಿಗೆ ಗೊತ್ತಾದ್ರೆ ಅಂಗಡಿ ಮುಚ್ಚಿದ ಹಾಗೇ ಅಂತ ಡಾಕ್ಟರ ಹತ್ರಾನೂ ಬರ್ತಿರ್ಲಿಲ್ಲ. ಈಗ ಬರ್ತೀನಿ ಅಂದಿದಾರೆ."

ಸ್ಕ್ಯಾನಿನಲ್ಲಿ ಮೂಗಿನ ಹಿಂದೆ, ಮಿದುಳಿಗೆ ತಾಗಿದಂತೆ ಗಡ್ಡೆ ಕಂಡಿತು. ಬಹಳ ದೊಡ್ಡದಾಗಿತ್ತು.

ಕೊನೆಯ ಸಲ ಆಸ್ಪತ್ರೆಗೆ ಹೋದಾಗ ಊರಿಂದ ತರಿಸಿದ ಕಾಫಿಪುಡಿ ಒಯ್ದಿದ್ದೆ. ಚಿಟಿಕೆ ಪುಡಿಯನ್ನು ಮುಂಗೈ ಮೇಲೆ ತಿಕ್ಕಿ ಮೂಗಿಗೆ ಹಿಡಿದರು. ಮೂಗಿನ ಮೇಲೆ ಗೆರೆಯ ಗುರುತೂ ಇರಲಿಲ್ಲ.

"ಚಿಕೋರಿ ಇಪ್ಪತ್ತು. ಅಲ್ವೇನೋ?"

ಅದರಲ್ಲಿ ಚಿಕೋರಿ ಇರಲೇ ಇಲ್ಲ. "ಸರಿಯಾಗಿ ಹೇಳಿದ್ರಿ ಅಂಕಲ್" ಎಂದೆ.

ನನ್ನ ಮುಖವನ್ನೇ ನೋಡಿದರು. "ಮುಲಾಜು ಕಲ್ತಿದ್ದೀಯ" ಎಂದು ಸಣ್ಣಗೆ ನಕ್ಕರು.

ಮುಂದಿನ ವಾರ ಹೋಗಿಬಿಟ್ಟರು. ಆ ಸುಳ್ಳನ್ನು ನಾನು ಆ ಶನಿವಾರ ಅಂಗಡಿಯಲ್ಲಿ ಹೇಳಬೇಕಿತ್ತು.