ಅಂಚಿನವರೆಗೆ ತುಂಬಿದ ಗಡಿಗೆ

ಮೂರು ತಿಂಗಳ ಮೇಲೆ ಲೈಸೆನ್ಸು ಮರಳಿ ಕೈಗೆ ಬಂದ ಮರುದಿನ ಧೊಂಡಿಬಾ ಬೆಳಗಾಗುತ್ತಲೇ ತನ್ನ ಕ್ರೂಸರ್ ಗಾಡಿಯನ್ನು ಎರಡು ಸಲ ತೊಳೆದ. ಹದಿನೈದು ವರ್ಷ ಖಟಕ ಚಿಂಚೋಳಿಯಿಂದ ಭಾಲ್ಕಿಗೆ ಜನರನ್ನು ಮುಟ್ಟಿಸಿದವನು ಅವನು. ಭಾಲ್ಕಿಯಲ್ಲಿ ರೈಲಿಳಿದ ಜನ ಮೊದಲು ಬಂದ ಗಾಡಿಗೇ ಹತ್ತುತ್ತಾರೆಂದು, ಅದೇ ದಾರಿಯಲ್ಲಿ ಓಡಿಸುವ ಶರಫೋದ್ದೀನನ ಗಾಡಿಯೊಂದಿಗೆ ದಿನವೂ ಪೈಪೋಟಿ. ಒಮ್ಮೆ ಇಬ್ಬರೂ ಅಕ್ಕಪಕ್ಕ ಓಡಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಬೀದರದ ಆರ್.ಟಿ.ಓ. ಕಚೇರಿಯಲ್ಲಿ ಇಬ್ಬರ ಲೈಸೆನ್ಸೂ ಮೂರು ತಿಂಗಳು ಅಮಾನತಾಯಿತು. ಆ ಓಟದಲ್ಲಿ, ಭಾಲ್ಕಿಗೆ ಮಜ್ಜಿಗೆ ಮಾರಲು ಹೋಗುವ ಊರಿನ ಹಿರಿಯಳು ಸಖುಬಾಯಿಯ ಗಡಿಗೆ ಅವಳ ಮಡಿಲಿಗೇ ಸುರಿದಿತ್ತು.

ಆಮೇಲೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೋಗುವಾಗ, ತಿರುವು ಬಂದಾಗಲೆಲ್ಲ ಧೊಂಡಿಬಾನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಗಾಡಿಯಲ್ಲಿ ಕೂತವರ ಪಾಡು ಅವನಿಗೆ ನಲವತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ಇಂದು ಊರ ಬೇವಿನ ಮರದ ಕೆಳಗೆ ಗಾಡಿ ನಿಂತರೂ ಯಾರೂ ಹತ್ತಲಿಲ್ಲ. ಸಖುಬಾಯಿ ಹತ್ತದಿದ್ದರೆ ಊರು ಹತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮುದುಕಿ ಅಂಚಿನವರೆಗೆ ತುಂಬಿದ ಗಡಿಗೆ ಹಿಡಿದು ಬಂದು, ಅವನ ಪಕ್ಕದಲ್ಲೇ ಕೂತಳು.

"ಮುಚ್ಚಳ ಹಾಕ್ರಿ, ಆಯಿ."

"ಯಾಕ? ನಿನ್ನ ಲೈಸೆನ್ಸ್ ಸರಕಾರ ನೋಡ್ಯಾದ, ನಾ ಇನ್ನಾ ನೋಡಿಲ್ಲ. ನಡಿ."

ಗಾಡಿ ಗಳಿಗೆಯಲ್ಲಿ ತುಂಬಿತು. ಹಿಂದಿನವರೆಲ್ಲ ಕತ್ತು ಚಾಚಿ ಗಡಿಗೆಯನ್ನೇ ನೋಡತೊಡಗಿದರು. ಸೇತುವೆಯ ಹತ್ತಿರ ತುಳುಕುತ್ತದೆಂದು ಒಬ್ಬ, ತಿರುವಿನಲ್ಲಿ ಎಂದು ಇನ್ನೊಬ್ಬ. ಸೇತುವೆ ದಾಟಿತು, ತಿರುವೂ ದಾಟಿತು. ಆಗ ಶರಫೋದ್ದೀನ ಹಾರ್ನ್ ಬಾರಿಸುತ್ತ ಪಕ್ಕಕ್ಕೆ ಬಂದ. ಆಕ್ಸಿಲರೇಟರ್ ಮೇಲಿದ್ದ ಧೊಂಡಿಬಾನ ಪಾದ ತುರಿಸಿತು, ತುಸು ಒತ್ತಿತು. ಮಜ್ಜಿಗೆ ಗಡಿಗೆಯ ತುಟಿಗೆ ಏರಿತು. ಅವನು ಮೆಲ್ಲಗೆ ಕಾಲೆತ್ತಿದ. ಮಜ್ಜಿಗೆ ಇಳಿಯಿತು, ಶರಫೋದ್ದೀನ ಧೂಳೆಬ್ಬಿಸಿ ಮುಂದೆ ಹೋದ.

ಭಾಲ್ಕಿಯ ಅಂಚಿನ ರಸ್ತೆಯುಬ್ಬನ್ನು ಅವನು ಎಷ್ಟು ನಿಧಾನ ಹತ್ತಿಸಿದನೆಂದರೆ, ಪಕ್ಕದಲ್ಲಿ ಹೊರಟಿದ್ದ ಕುರಿಹಿಂಡು ಅವರನ್ನು ದಾಟಿ ಮುಂದೆ ಹೋಯಿತು. ಹಿಂಡಿನ ಹಿಂದಿದ್ದವನು ಅವನ ಸ್ವಂತ ಕಾಕಾ.

"ಧೊಂಡಿಬಾ, ನನ್ನ ಕುರಿ ಗೆದ್ದಾವ ನೋಡೊ. ಇವಕ್ಕೂ ಒಂದೊಂದು ಲೈಸೆನ್ಸ್ ಕೊಡಸು."

ಗಾಡಿಗೆ ಗಾಡಿಯೇ ನಕ್ಕಿತು. ನಗುವಿಗೆ ಸಖುಬಾಯಿಯ ಭುಜಗಳೂ ಕುಲುಕಿದವು.

ನಿಲ್ದಾಣದಲ್ಲಿ ಎಲ್ಲರೂ ಇಳಿದು ಅವಳ ಸುತ್ತ ಕೂಡಿದರು. ಮೊದಲೇ ಮುಟ್ಟಿದ್ದ ಶರಫೋದ್ದೀನನೂ ಬಂದು ಬಗ್ಗಿ ನೋಡಿದ. ಅವಳ ಹೆಬ್ಬೆರಳಿನ ಮೇಲೆ ಒಂದು ಬಿಳಿ ಹನಿಯಿತ್ತು. ಧೊಂಡಿಬಾನ ಮುಖ ಇಳಿಯಿತು.

ಮುದುಕಿ ಹನಿಯನ್ನು ನೆಕ್ಕಿದಳು.

"ಇದು ನೀ ಚೆಲ್ಲಿದ್ದಲ್ಲ, ನಾ ನಕ್ಕಿದ್ದಕ್ಕ ಬಿದ್ದದ. ನಾಳಿ ನಮ್ಮ ಮನಿ ಮುಂದಽ ಗಾಡಿ ತಗೊಂಡು ಬಾ."