ಕೆಮ್ಮು ಶುರುವಾದ ತಾರೀಖು

ನವೆಂಬರ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳೂ ನಲವತ್ತು. ಗೋವಿನಜೋಳ ಮುರಿಯಲು ಹೋಗುವ ಹೆಂಗಸರ ಟೆಂಪೊ ಈಗಷ್ಟೇ ಹೊರಟಿತು. ನನ್ನ ಸೋದರತ್ತೆ ಶಾಂತವ್ವ ಬುತ್ತಿಗಂಟು ಹಿಡಿದುಕೊಂಡು ಇವತ್ತೂ ಕೆಳಗೇ ಉಳಿದಳು. ಹೀಗೆ ಉಳಿದದ್ದು ಇದು ಒಂಬತ್ತನೆಯ ದಿನ.

ಎಣಿಸುವುದು ನನ್ನ ಚಟ, ಓದುಗರೇ. ಮಳೆ ಬಿದ್ದ ದಿನ, ಎಮ್ಮೆ ಈದ ದಿನ, ಯಾರು ಎಲ್ಲಿ ಕೂಲಿಗೆ ಹೋದರೆಂಬುದು, ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿವೆ. ಹೋದ ವರ್ಷ ಅತ್ತೆಗೆ ಕ್ಷಯವೆಂದು ತಿಳಿದಾಗ ಓಣಿಯವರು ಬಂದು ಎಲ್ಲಿಂದ ಅಂಟಿತೆಂದು ಕೇಳಿದರು, ನಾನು ಜಂಬದಿಂದಲೇ ಓದಿ ಹೇಳಿದೆ: ಟಿಬೆಟನ್ ನಿರಾಶ್ರಿತರ ಕಾಲೊನಿಯ ಹೊಲಗಳಲ್ಲಿ ಹನ್ನೆರಡು ದಿನ ಕೆಲಸ, ಹದಿಮೂರನೆಯ ದಿನ ಕೆಮ್ಮು. ಅಷ್ಟೇ ಸಾಕಾಯಿತು. ಕಾಲೊನಿಯವರು ಹಚ್ಚಿದರು, ಶಾಂತವ್ವ ಹೊತ್ತು ತಂದಳು ಎಂದು ತೀರ್ಪಾಗಿಹೋಯಿತು. ಕ್ಷಯದ ರೋಗಾಣು ಮೈಯೊಳಗೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲದು, ಕೆಮ್ಮು ಶುರುವಾದ ತಾರೀಖು ರೋಗ ಅಂಟಿದ ತಾರೀಖಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅಷ್ಟು ಅಚ್ಚುಕಟ್ಟಾಗಿ ಓದಿ ಹೇಳಿದೆನಲ್ಲ ಎಂದು ಮೊದಲ ಸಿಟ್ಟು ನನ್ನ ಮೇಲೆಯೇ.

ಆಗಲೇ ಅತ್ತೆಯ ಕಫವನ್ನು ತಾಲ್ಲೂಕಿನ ಇತರ ರೋಗಿಗಳ ಕಫದ ಜೊತೆ ಒಂದು ಅಧ್ಯಯನಕ್ಕೆ ಒಯ್ದಿದ್ದರು. ಪ್ರತಿ ರೋಗಾಣುವಿನೊಳಗೂ ಜೀನೋಮ್ ಎಂಬ, ಲಕ್ಷಗಟ್ಟಲೆ ಅಕ್ಷರಗಳ ಉದ್ದನೆಯ ಬರಹವಿರುತ್ತದಂತೆ. ಯಾವ ಗುಳಿಗೆ ನಾಟದು ಎಂಬುದನ್ನೂ ಅದರಲ್ಲಿ ಓದಬಹುದು. ರೋಗ ಈಚೆಗಷ್ಟೇ ಒಬ್ಬರಿಂದೊಬ್ಬರಿಗೆ ದಾಟಿದ್ದರೆ ಇಬ್ಬರ ಬರಹವೂ ಹೆಚ್ಚುಕಡಿಮೆ ಒಂದೇ. ನಂಟು ದೂರವಾದಷ್ಟೂ ಅಕ್ಷರಗಳ ವ್ಯತ್ಯಾಸ ಹೆಚ್ಚು. ಕಳೆದ ತಿಂಗಳು ಅಧ್ಯಯನದ ಕಡೆಯ ಹೆಣ್ಣುಮಗಳೊಬ್ಬಳು ಬಂದು ಬಾಯಿಮಾತಿನಲ್ಲಿ ತಿಳಿಸಿದಳು: ಅತ್ತೆಯ ರೋಗಾಣು ಕಾಲೊನಿಯಲ್ಲಿ ಸಿಕ್ಕ ಯಾವುದಕ್ಕೂ ಹತ್ತಿರವಿಲ್ಲ, ನಮ್ಮೂರಿನವರೇ ಇನ್ನೊಬ್ಬರ ರೋಗಾಣುವಿಗೆ ತೀರ ಹತ್ತಿರ. ಯಾರಿಂದ ಯಾರಿಗೆ ಎಂದು ಅದು ಹೇಳದು. ಆ ಇನ್ನೊಬ್ಬರ ಹೆಸರನ್ನು ಅವಳೂ ಹೇಳಲಿಲ್ಲ. ಇಷ್ಟನ್ನೇ ಬರೆದುಕೊಡಿ ಎಂದರೆ, ಅದು ಸಂಶೋಧನೆಗೆ ಮಾತ್ರ, ರೋಗಿಗೆ ಕೊಡುವ ಕಾಗದವಲ್ಲ ಎಂದಳು. ಕಫ ಮಾತ್ರ ರೋಗಿಯದು.

ಅತ್ತೆಯ ಗುಳಿಗೆ ಮುಗಿದು, ಕಫದ ಪರೀಕ್ಷೆಯಲ್ಲಿ ರೋಗಾಣು ಇಲ್ಲವೆಂದು ಬಂದು ನಾಲ್ಕು ತಿಂಗಳಾಯಿತು. ಆ ಚೀಟಿಯನ್ನು ಆಳುಗಳ ಗುಂಪು ಕಟ್ಟುವ ಗಂಗವ್ವ ಸುಗ್ಗಿಯ ಮೊದಲ ದಿನವೇ ನೋಡಿದ್ದಾಳೆ. ಆದರೂ ಅತ್ತೆಯನ್ನು ಟೆಂಪೊ ಹತ್ತಿಸುವುದಿಲ್ಲ, ಅವಳ ಲೋಟವೂ ಬೇರೆ. ಲೋಟ ಬೇರೆಯಿಟ್ಟ ಇದೇ ಹೆಂಗಸರು ಚಳಿಗೆ ಟೆಂಪೊದ ತಾಡಪಾಲನ್ನು ನಾಲ್ಕೂ ಕಡೆ ಇಳಿಬಿಟ್ಟು, ಒಬ್ಬರ ಉಸಿರನ್ನೊಬ್ಬರು ಕುಡಿಯುತ್ತ ಮಳಗಿ ಊರಿನ ಹೊಲಗಳವರೆಗೂ ಹೋಗುತ್ತಾರೆ.

ಇವತ್ತು ಟೆಂಪೊ ಹೊರಡುವ ಮುಂಚೆ ತಡೆಯಲಾರದೆ ಹೇಳಿಯೇಬಿಟ್ಟೆ. “ಕಾಲೊನಿಯಿಂದ ಬಂದದ್ದಲ್ಲ ಗಂಗವ್ವ, ನಮ್ಮೂರಾಗಿಂದ ಐತಿ.”

“ಹೌದನು? ಹಂಗಾರ ಯಾರಿಂದಂತ? ನಿನ್ನ ಬುಕ್ಕಿನ್ಯಾಗ ನೋಡಿ ಹೇಳವಾ ಶಾನಭೋಗವ್ವಾ, ಆಕೀನ್ನೂ ಇಳಿಸಿ ಬಿಡ್ತೇನಿ.”

ಒಳಗಿದ್ದವರು ನಕ್ಕರು. ನಗುತ್ತಲೇ ಒಬ್ಬರ ಮುಖವನ್ನೊಬ್ಬರು ನೋಡಿ, ಚೂರು ಚೂರೇ ಸರಿದು ಕೂತರು.

ನನಗೆ ಮೈಯೆಲ್ಲ ಉರಿಯಿತು. ರೋಗ ಎಲ್ಲಿ ದಾಟುತ್ತಿದೆ, ಯಾವ ಜಾಗಕ್ಕೆ ಗಾಳಿ ಬೇಕು ಎಂದು ತೋರಿಸಬೇಕಾದ ವಿದ್ಯೆಯಿಂದ ನಾವು ಮೊದಲು ಕೇಳುವುದು ಒಂದು ಹೆಸರನ್ನು. ಒಬ್ಬಳನ್ನು ಹತ್ತಿಸಲು ಇನ್ನೊಬ್ಬಳನ್ನು ಹುಡುಕಿಕೊಡಬೇಕೆ?

ಅತ್ತೆ ನನ್ನ ರಟ್ಟೆ ಹಿಡಿದು ಹೇಳಿದಳು: “ನಡಿ ಮನಿಗೆ. ಹೆಸರ ಗೊತ್ತಾದ್ರೂ ಹೇಳಬ್ಯಾಡ. ಕೆಳಗ ನಿಂದರಾಕ ನಾ ಒಬ್ಬಾಕಿ ಸಾಕು.”

ಸುಗ್ಗಿ ಇನ್ನು ಹದಿನೈದು ದಿನ. ಮತ್ತೊಬ್ಬರ ಹೆಸರು ಬೀಳದಂತೆ, ಇವಳು ವಾಸಿಯಾಗಿದ್ದಾಳೆ, ಪಕ್ಕದಲ್ಲಿ ಕೂರಿಸಿಕೊಳ್ಳಿ ಎಂದು ಆ ಗುಂಪಿನ ಮುಂದೆ ನಿಂತು ಹೇಳಬೇಕಾದವರು ಯಾರು? ತನ್ನ ಕಫದಿಂದ ತಿಳಿದದ್ದನ್ನು ಬರಹದಲ್ಲಿ ಕೇಳುವ ಹಕ್ಕು ಅತ್ತೆಗೆ ಇದೆಯೋ ಇಲ್ಲವೋ? ಬಲ್ಲವರು ಬರೆದು ತಿಳಿಸಿ. ಹದಿನೈದು ದಿನದೊಳಗೆ ತಿಳಿಸಿ.